ಹರಾಜಾದ ಸ್ಥಾನ, ಕಳಂಕಿತ ಕಾಣಿಕೆ

ಬಸದಿಯ ಅಂಗಳದಲ್ಲಿ ಸವಾಲು ಕೂಗುವ ದನಿ ಜೈನ ಮನೆತನಗಳಿಗೆ ಹೊಸದಲ್ಲ. ಪಂಚಕಲ್ಯಾಣ ಮಹೋತ್ಸವವಿರಲಿ, ವಾರ್ಷಿಕ ರಥೋತ್ಸವವಿರಲಿ, ದಶಲಕ್ಷಣ ಪರ್ವದ ಅಭಿಷೇಕವಿರಲಿ, ಮೊದಲ ಕಲಶ ಯಾರದು, ಇಂದ್ರ-ಇಂದ್ರಾಣಿಯರ ಸ್ಥಾನ ಯಾರಿಗೆ, ಮಂಗಳಾರತಿಯ ಭಾಗ್ಯ ಯಾರಿಗೆ ಎಂಬುದನ್ನು ಸವಾಲಿನಿಂದಲೇ ನಿಶ್ಚಯಿಸುವ ರೂಢಿ ಅನೇಕ ಕಡೆಗಳಲ್ಲಿದೆ. ಉತ್ತರ ಕರ್ನಾಟಕದಲ್ಲಿ ಇದಕ್ಕೆ ಲಿಲಾವು ಎನ್ನುವರು. ಉತ್ತರ ಭಾರತದ ಬಂಧುಗಳು ಬೋಲಿ ಎನ್ನುವರು. ಹೆಸರು ಯಾವುದಾದರೂ ಅದರ ಹಿಂದಿನ ಭಾವನೆ ಒಂದೇ: ತನ್ನದಾದ ದ್ರವ್ಯವನ್ನು ತಾನೇ ಬಿಟ್ಟುಕೊಟ್ಟು ಪುಣ್ಯಕಾರ್ಯದಲ್ಲಿ ಪಾಲುಗೊಳ್ಳುವುದು.

ಈಗ ಅದೇ ದನಿಯು ದೇವಾಲಯಗಳ ಕಟ್ಟೆಗಳ ಮೇಲೆ ಬೇರೊಂದು ವಸ್ತುವಿನ ಸಲುವಾಗಿ ಕೇಳಿಬರುತ್ತಿದೆ. ಆ ವಸ್ತು ಕಲಶವಲ್ಲ, ಆರತಿಯಲ್ಲ. ಗ್ರಾಮ ಪಂಚಾಯಿತಿಯ ಸದಸ್ಯ ಸ್ಥಾನ. ಊರಿನ ಹಿರಿಯರು ಒಂದೆಡೆ ಸೇರುತ್ತಾರೆ. ಒಂದೊಂದು ಸ್ಥಾನಕ್ಕೆ ಸವಾಲು ಕೂಗಲಾಗುತ್ತದೆ. ಹೆಚ್ಚು ಕೂಗಿದವನೊಬ್ಬನೇ ನಾಮಪತ್ರ ಸಲ್ಲಿಸಬೇಕು, ಮಿಕ್ಕವರು ಸುಮ್ಮನಿರಬೇಕು ಎಂಬ ಕರಾರಾಗುತ್ತದೆ. ಮತದಾನವೇ ನಡೆಯದೆ ಅವನು ‘ಅವಿರೋಧ’ವಾಗಿ ಆಯ್ಕೆಯಾಗುತ್ತಾನೆ. ಕೂಗಿದ ಹಣವು ಗುಡಿಯ ಜೀರ್ಣೋದ್ಧಾರಕ್ಕೆ, ಗೋಪುರಕ್ಕೆ, ಇಲ್ಲವೇ ಸಮುದಾಯ ಭವನಕ್ಕೆ ಸಲ್ಲುತ್ತದೆ. ಎಲ್ಲರೂ ಕೈಮುಗಿದು ಮನೆಗೆ ತೆರಳುತ್ತಾರೆ.

ಇದು ಕಲ್ಪನೆಯಲ್ಲ. ಕರ್ನಾಟಕದಲ್ಲಿ 2020ರ ಡಿಸೆಂಬರ್ 22 ಮತ್ತು 27ರಂದು ಎರಡು ಹಂತಗಳಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಗಳು ನಡೆದಾಗ, ಬಳ್ಳಾರಿ, ಕಲಬುರಗಿ ಮೊದಲಾದ ಜಿಲ್ಲೆಗಳ ಕೆಲವು ಹಳ್ಳಿಗಳಲ್ಲಿ ಸ್ಥಾನಗಳು ಲಕ್ಷಗಟ್ಟಲೆ ರೂಪಾಯಿಗೆ ಹರಾಜಾದ ವರದಿಗಳು ಪತ್ರಿಕೆಗಳಲ್ಲಿ ಬಂದವು. ಕ್ರಮ ಕೈಗೊಳ್ಳುವಂತೆ ರಾಜ್ಯ ಚುನಾವಣಾ ಆಯೋಗವು ಜಿಲ್ಲಾಧಿಕಾರಿಗಳಿಗೆ ಸೂಚಿಸಬೇಕಾಯಿತು. ಮರು ತಿಂಗಳಲ್ಲೇ, 2021ರ ಜನವರಿಯಲ್ಲಿ, ಮಹಾರಾಷ್ಟ್ರದ ಆಯೋಗವು ಇನ್ನೂ ಮುಂದೆ ಹೋಗಿ ನಾಸಿಕ ಜಿಲ್ಲೆಯ ಉಮ್ರಾಣೆ ಮತ್ತು ನಂದುರಬಾರ ಜಿಲ್ಲೆಯ ಖೊಂಡಾಮಳಿ ಗ್ರಾಮಗಳ ಚುನಾವಣೆಯನ್ನೇ ರದ್ದುಗೊಳಿಸಿತು. ಉಮ್ರಾಣೆಯಲ್ಲಿ ಎರಡು ಕೋಟಿ ರೂಪಾಯಿ ಮೀರಿದ ಮೊತ್ತಕ್ಕೆ, ಖೊಂಡಾಮಳಿಯಲ್ಲಿ 42 ಲಕ್ಷಕ್ಕೆ ಸವಾಲು ಏರಿತ್ತೆಂದು ವರದಿಯಾಗಿತ್ತು. ಅಲ್ಲಿಯೂ ಮುಂದಿಟ್ಟ ಹೆಸರು ದೇವಾಲಯದ ಕಾರ್ಯವೇ.

ಇದು ಅನ್ಯರ ಗುಡಿಗಳ ವಿಷಯವೆಂದು ಜೈನ ಸಮಾಜವು ಕೈತೊಳೆದುಕೊಳ್ಳುವಂತಿಲ್ಲ. ಹಳ್ಳಿಯ ಹಿರಿಯರ ಸಭೆಯಲ್ಲಿ ಜೈನ ವ್ಯಾಪಾರಿಗೂ ಒಂದು ಚಾಪೆ ಹಾಸಿರುತ್ತಾರೆ. ಹಣವುಳ್ಳವನೆಂದು ಅವನನ್ನೇ ಸವಾಲಿಗೆ ಪ್ರೇರೇಪಿಸುವವರಿದ್ದಾರೆ. ಪ್ರಾಮಾಣಿಕನೆಂದು ಆ ಹಣದ ಲೆಕ್ಕವನ್ನು ಅವನ ಕೈಗೆ ಒಪ್ಪಿಸುವವರೂ ಇದ್ದಾರೆ. ಇಂದು ಊರಿನ ಗುಡಿಗೆ ಸಂದದ್ದು ನಾಳೆ ‘ನಿಮ್ಮ ಬಸದಿಗೂ ಒಂದು ಪಾಲು’ ಎಂದು ಬಾಗಿಲಿಗೆ ಬಂದು ನಿಂತರೆ ಟ್ರಸ್ಟಿನ ಪದಾಧಿಕಾರಿಗಳು ಏನು ಹೇಳುವರು? ಉತ್ತರವನ್ನು ಅಂದು ಹುಡುಕುವುದಕ್ಕಿಂತ ಇಂದೇ ನಿಶ್ಚಯಿಸಿಕೊಳ್ಳುವುದು ಲೇಸು. ಆ ಉತ್ತರ ‘ಬೇಡ’ ಎಂಬುದೇ ಆಗಿರಬೇಕು.

ಹರಾಜಿನ ಸಮರ್ಥಕರ ವಾದಗಳನ್ನು ಮೊದಲು ನ್ಯಾಯವಾಗಿ ಕೇಳಬೇಕು. ಅನೇಕಾಂತವನ್ನು ನಂಬಿದವರಿಗೆ ಎದುರಾಳಿಯ ಮಾತಿನಲ್ಲಿರುವ ಸತ್ಯಾಂಶವನ್ನು ಒಪ್ಪಿಕೊಳ್ಳುವುದೂ ಒಂದು ಕರ್ತವ್ಯ.

ಅವರ ಮೊದಲನೆಯ ವಾದ, ಚುನಾವಣೆಯಿಂದ ಊರು ಒಡೆಯುತ್ತದೆ ಎಂಬುದು. ಇದು ಸುಳ್ಳಲ್ಲ. ಒಂದೇ ಓಣಿಯ ಎರಡು ಮನೆಗಳ ನಡುವೆ ಐದು ವರ್ಷ ಮಾತು ನಿಲ್ಲುತ್ತದೆ, ಹೆಂಡ ಹರಿಯುತ್ತದೆ, ಮತಕ್ಕೆ ನೋಟು ಹಂಚಲಾಗುತ್ತದೆ, ಮದುವೆ-ಮುಂಜಿಗಳಿಗೆ ಕರೆ ನಿಂತುಹೋಗುತ್ತದೆ. ಈ ಪಾಪದ ಹಣವು ದೇವರ ಕಾರ್ಯಕ್ಕೆ ಸಂದರೆ ಉತ್ತಮವಲ್ಲವೇ ಎಂದು ಅವರು ಕೇಳುತ್ತಾರೆ. ಆದರೆ ರೋಗಕ್ಕೆ ಅವರು ಕೊಡುವ ಮದ್ದು ರೋಗಕ್ಕಿಂತ ಘೋರವಾದುದು. ನೋಟು ಹಂಚಿದಲ್ಲಿ ಮತದಾರನು ಲೋಭಕ್ಕೆ ಬಿದ್ದರೂ ಮತಪತ್ರ ಅವನ ಕೈಯಲ್ಲೇ ಉಳಿದಿರುತ್ತದೆ. ಗುಪ್ತ ಮತದ ಮರೆಯಲ್ಲಿ ಅವನು ತನ್ನ ವಿವೇಕಕ್ಕೆ ಒಪ್ಪಿದವರನ್ನು ಆರಿಸಬಲ್ಲನು. ಹರಾಜಿನಲ್ಲಿ ಆ ಮತಪತ್ರವೇ ಅವನ ಕೈಗೆ ಬರುವುದಿಲ್ಲ. ಮೊದಲನೆಯದು ಮತದಾರನಿಗೆ ಒಡ್ಡಿದ ಆಮಿಷ. ಎರಡನೆಯದು ಅವನ ಮನೆಯಿಂದಲೇ ಮಾಡಿದ ಅಪಹರಣ.

ಎರಡನೆಯ ವಾದ, ಇಡೀ ಊರು ಒಪ್ಪಿದೆ ಎಂಬುದು. ಯಾವ ಊರು? ಕಟ್ಟೆಯ ಮೇಲೆ ಕುಳಿತ ಇಪ್ಪತ್ತು ಮೂವತ್ತು ಮಂದಿ ಗಂಡಸರನ್ನು ಊರೆಂದು ಕರೆದರೆ ಅಡುಗೆಮನೆಯಲ್ಲಿರುವವರು ಯಾರು? ಹೊಲದಲ್ಲಿ ಕೂಲಿಗೆ ಬಗ್ಗಿದವರು ಯಾರು? ಸಂವಿಧಾನದ 73ನೆಯ ತಿದ್ದುಪಡಿಯು 1993ರ ಏಪ್ರಿಲ್ 24ರಂದು ಜಾರಿಗೆ ಬಂದು, ಪಂಚಾಯಿತಿಗಳ ಸ್ಥಾನಗಳಲ್ಲಿ ಮೂರನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದಷ್ಟನ್ನು ಸ್ತ್ರೀಯರಿಗೆ ಮೀಸಲಿಟ್ಟಿತು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳಿಗೆ ಅವರ ಜನಸಂಖ್ಯೆಗೆ ಅನುಗುಣವಾಗಿ ಸ್ಥಾನಗಳನ್ನು ಕೊಟ್ಟಿತು. ಕರ್ನಾಟಕವು 2010ರಲ್ಲಿ ಸ್ತ್ರೀಯರ ಪಾಲನ್ನು ಅರ್ಧಕ್ಕೆ ಏರಿಸಿತು. ಶತಮಾನಗಳ ಮೌನವನ್ನು ಮುರಿಯಲೆಂದು ತೆರೆದ ಈ ಬಾಗಿಲಿಗೆ ಹರಾಜಿನವರು ಚಿಲಕ ಹಾಕುತ್ತಾರೆ. ಮೀಸಲು ಸ್ಥಾನಕ್ಕೆ ಕೂಗಲು ಬಡ ಕೂಲಿಗಾರ್ತಿಯ ಬಳಿ ಲಕ್ಷಗಳಿರುವುದಿಲ್ಲ. ಅವಳ ಹೆಸರಿನಲ್ಲಿ ಕೂಗುವವನು ಅವಳ ಧಣಿಯಾಗಿರುತ್ತಾನೆ. ಅಲ್ಲಿಗೆ ಸದಸ್ಯೆ ಅವಳು, ಸದಸ್ಯತ್ವ ಅವನದು.

‘ಊರಿನ ಮಾತು’ ಎಂಬುದು ಎಷ್ಟು ಕಠೋರವಾಗಬಲ್ಲದೆಂಬುದಕ್ಕೆ ತಮಿಳುನಾಡಿನ ಮಧುರೈ ಜಿಲ್ಲೆಯ ಪಾಪ್ಪಾಪಟ್ಟಿ, ಕೀರಿಪಟ್ಟಿ, ನಾಟ್ಟಾರ್‌ಮಂಗಲಂ ಗ್ರಾಮಗಳು ಸಾಕ್ಷಿ. ಅಲ್ಲಿ 1996ರಲ್ಲಿ ಅಧ್ಯಕ್ಷ ಸ್ಥಾನವು ದಲಿತರಿಗೆ ಮೀಸಲಾದ ಮೇಲೆ, ಪ್ರಬಲ ಜಾತಿಯ ಹಟದಿಂದಾಗಿ ಸುಮಾರು ಹತ್ತು ವರ್ಷ ಚುನಾವಣೆ ಸರಿಯಾಗಿ ನಡೆಯಲೇ ಇಲ್ಲ. ಕೊನೆಗೆ 2006ರ ಅಕ್ಟೋಬರಿನಲ್ಲಿ ಸರಕಾರವು ಮುಂದೆ ನಿಂತು ನಡೆಸಬೇಕಾಯಿತು. ಆ ಹತ್ತು ವರ್ಷಗಳಲ್ಲಿಯೂ ‘ಊರಿನವರು ಒಪ್ಪುವುದಿಲ್ಲ’ ಎಂಬ ಮಾತೇ ಕಾರಣವಾಗಿತ್ತು. ಬಲವಿದ್ದವನ ಹಟಕ್ಕೆ ಊರಿನ ಹೆಸರು ಹಚ್ಚಿದರೆ ಅದು ಒಮ್ಮತವಾಗುವುದಿಲ್ಲ.

ಹಾಗೆಂದ ಮಾತ್ರಕ್ಕೆ ಅವಿರೋಧ ಆಯ್ಕೆಯೆಲ್ಲವೂ ದೋಷಯುಕ್ತವೆಂದಲ್ಲ. ಸೇವೆಯಿಂದ ಎಲ್ಲರ ಮನ್ನಣೆ ಗಳಿಸಿದ ಒಬ್ಬರಿಗೆ ಎದುರಾಗಿ ಯಾರೂ ನಿಲ್ಲದಿದ್ದರೆ ಅದು ಊರಿನ ಸೌಭಾಗ್ಯ. ಗುಜರಾತಿನಲ್ಲಿ ‘ಸಮರಸ’ ಎಂಬ ಹೆಸರಿನಿಂದ ಇಂತಹ ಗ್ರಾಮಗಳಿಗೆ ಸರಕಾರವೇ ಪ್ರೋತ್ಸಾಹಧನ ಕೊಟ್ಟಿದ್ದುಂಟು. ಒಮ್ಮತವನ್ನು ಗುರುತಿಸುವ ಪರೀಕ್ಷೆ ಸುಲಭವಾದುದು. ‘ಇವರೇ ಆಗಲಿ’ ಎಂಬ ಮಾತು ವ್ಯಕ್ತಿಯ ಗುಣವನ್ನು ನೋಡಿ ಹೊರಟಿದ್ದರೆ ಅದು ಒಮ್ಮತ; ಅವನು ಕೂಗಿದ ಮೊತ್ತವನ್ನು ಕೇಳಿ ಹೊರಟಿದ್ದರೆ ಅದು ಮಾರಾಟ.

ಮೂರನೆಯ ವಾದ ಹೆಚ್ಚು ಮೋಹಕವಾದುದು: ಹಣ ಯಾರ ಜೇಬಿಗೂ ಹೋಗಿಲ್ಲ, ದೇವರಿಗೆ ಹೋಗಿದೆ. ವ್ಯಾಪಾರದ ಲೆಕ್ಕ ಬಲ್ಲವರು ಇದನ್ನು ಖಾತೆಯ ಎರಡು ಪಕ್ಕಗಳಲ್ಲಿ ಬರೆದು ನೋಡಬೇಕು. ಗ್ರಾಮ ಪಂಚಾಯಿತಿ ಸದಸ್ಯನ ಗೌರವಧನ ಅತ್ಯಲ್ಪ. ತಿಂಗಳಿಗೆ ಎರಡು ಸಾವಿರವೆಂದು ಹಿಡಿದರೂ ಐದು ವರ್ಷಕ್ಕೆ 1,20,000 ರೂಪಾಯಿ. ಒಬ್ಬನು ಎಂಟು ಲಕ್ಷಕ್ಕೆ ಸ್ಥಾನವನ್ನು ಕೂಗಿದನೆನ್ನೋಣ. 6,80,000 ರೂಪಾಯಿ ಕೊರತೆ ಬಿತ್ತು. ಬಡ್ಡಿಯ ಮಾತು ಬೇರೆ. ಭಕ್ತಿಯಿಂದ ಕೊಟ್ಟ ದಾನವಾಗಿದ್ದರೆ ಈ ಕೊರತೆಯ ಚಿಂತೆಯೇ ಇರದು. ಸ್ಥಾನದ ಆಸೆಯಿಲ್ಲದೆಯೂ ಅವನು ಅದನ್ನು ಕೊಡಬಹುದಿತ್ತು. ಸ್ಥಾನಕ್ಕಾಗಿಯೇ ಕೊಟ್ಟವನಿಗೆ ಅದು ಬಂಡವಾಳ. ಬಂಡವಾಳ ಹೂಡಿದವನು ಲಾಭವನ್ನು ಎಲ್ಲಿಂದ ತೆಗೆಯುವನು? ಚರಂಡಿಯ ಸಿಮೆಂಟಿನಿಂದ, ಕೊಳವೆಬಾವಿಯ ಆಳದಿಂದ, ಬೀದಿದೀಪದ ಬಿಲ್ಲಿನಿಂದ, ವಸತಿ ಯೋಜನೆಯ ಪಟ್ಟಿಯಲ್ಲಿ ಹೆಸರು ಸೇರಿಸಲು ವಿಧವೆಯೊಬ್ಬಳು ಸೆರಗಿನ ಗಂಟಿನಿಂದ ಬಿಚ್ಚಿ ಕೊಡುವ ನೋಟಿನಿಂದ. ಗೋಪುರಕ್ಕೆ ಜಮಾ ಆದದ್ದು ಆ ವಿಧವೆಯ ಲೆಕ್ಕದಲ್ಲಿ ಖರ್ಚು ಬೀಳುತ್ತದೆ.

ಇನ್ನೊಂದು ಲೆಕ್ಕವೂ ಇದೆ. ಕರ್ನಾಟಕದ 1993ರ ಪಂಚಾಯಿತಿ ಕಾನೂನು ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯನೆಂದು ಗೊತ್ತುಮಾಡಿದೆ. ಎಂಟು ಲಕ್ಷವನ್ನು 400ರಿಂದ ಭಾಗಿಸಿದರೆ ತೊಟ್ಟಿಲ ಕೂಸಿನಿಂದ ಮೊದಲ್ಗೊಂಡು ತಲೆಗೆ 2,000 ರೂಪಾಯಿ. ಐದು ವರ್ಷಕ್ಕೆ ಹಂಚಿದರೆ ದಿನಕ್ಕೆ ಒಂದು ರೂಪಾಯಿ ಹತ್ತು ಪೈಸೆ. ಒಬ್ಬ ಪ್ರಜೆಯ ಒಂದು ದಿನದ ಸ್ವಾತಂತ್ರ್ಯಕ್ಕೆ ಕಟ್ಟಿದ ಬೆಲೆ ಇಷ್ಟೇ. ಆ ಬೆಲೆಯೂ ಅವನ ಕೈಗೆ ಬರಲಿಲ್ಲ. ತನ್ನದಲ್ಲದ ವಸ್ತುವನ್ನು, ಒಡೆಯನಿಗೆ ತಿಳಿಸದೆ, ಮೂರನೆಯವನಿಗೆ ಮಾರಿ, ಬಂದ ಹಣವನ್ನು ನಾಲ್ಕನೆಯವನಿಗೆ ದಾನ ಮಾಡುವುದಕ್ಕೆ ಯಾವ ಅಂಗಡಿಯ ಭಾಷೆಯಲ್ಲಿಯೂ ಧರ್ಮವೆಂಬ ಹೆಸರಿಲ್ಲ.

ಕಾನೂನೂ ಇದನ್ನೇ ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯು, ಹಿಂದಿನ ಭಾರತೀಯ ದಂಡ ಸಂಹಿತೆಯಂತೆಯೇ, ಮತ ಹಾಕುವುದನ್ನಷ್ಟೇ ಚುನಾವಣಾ ಹಕ್ಕೆಂದು ಭಾವಿಸಿಲ್ಲ. ಉಮೇದುವಾರನಾಗಿ ನಿಲ್ಲುವುದು, ನಿಲ್ಲದಿರುವುದು, ನಾಮಪತ್ರ ಹಿಂತೆಗೆಯುವುದು, ಇವೆಲ್ಲವೂ ಆ ಹಕ್ಕಿನ ಅಂಗಗಳೇ. ಈ ಹಕ್ಕನ್ನು ಹೀಗೆಯೇ ಚಲಾಯಿಸಬೇಕೆಂದು ಯಾರನ್ನಾದರೂ ಪ್ರೇರೇಪಿಸಲು ಪ್ರತಿಫಲ ಕೊಡುವುದನ್ನು 170ನೆಯ ಪ್ರಕರಣವು ಲಂಚವೆಂದು ಕರೆಯುತ್ತದೆ. ಅದಕ್ಕೆ ಒಂದು ವರ್ಷದವರೆಗಿನ ಸೆರೆವಾಸ, ಇಲ್ಲವೇ ದಂಡ, ಇಲ್ಲವೇ ಎರಡೂ ಶಿಕ್ಷೆಯುಂಟು. ದೇವರ ಹೆಸರು ಹೇಳಿದ ಮಾತ್ರಕ್ಕೆ ಲಂಚದ ಸ್ವರೂಪ ಬದಲಾಗುವುದಿಲ್ಲ.

ದಂಡದ ಭಯಕ್ಕಿಂತ ವ್ರತದ ಭಯ ದೊಡ್ಡದೆಂದು ನಂಬಿದ ಸಮಾಜವಿದು. ಆದುದರಿಂದ ಅಣುವ್ರತಗಳ ಕನ್ನಡಿಯಲ್ಲಿಯೂ ಈ ಹಣವನ್ನು ನೋಡಬೇಕು. ಉಮಾಸ್ವಾಮಿಗಳ ತತ್ತ್ವಾರ್ಥ ಸೂತ್ರವು ಏಳನೆಯ ಅಧ್ಯಾಯದಲ್ಲಿ ಪ್ರತಿಯೊಂದು ಅಣುವ್ರತದ ಅತಿಚಾರಗಳನ್ನು ಹೆಸರಿಸುತ್ತದೆ. ಅಚೌರ್ಯದ ಅತಿಚಾರಗಳಲ್ಲಿ ‘ತದಾಹೃತಾದಾನ’ ಒಂದು. ತಾನು ಕದಿಯದಿದ್ದರೂ ಕದ್ದು ತಂದ ವಸ್ತುವನ್ನು ಸ್ವೀಕರಿಸುವುದು ಎಂದು ಅದರ ಅರ್ಥ. ಹರಾಜಿನ ಕಾಣಿಕೆಯನ್ನು ಪಡೆದ ಟ್ರಸ್ಟಿಗೆ ಈ ಮಾತು ಅಕ್ಷರಶಃ ಅನ್ವಯಿಸುತ್ತದೆ. ‘ವಿರುದ್ಧರಾಜ್ಯಾತಿಕ್ರಮ’ ಇನ್ನೊಂದು, ರಾಜ್ಯದ ಕಟ್ಟಳೆಯನ್ನು ಮೀರಿ ಲಾಭ ಮಾಡಿಕೊಳ್ಳುವುದು ಅದರ ವ್ಯಾಪ್ತಿಗೆ ಬರುತ್ತದೆ. ಇನ್ನು ಆ ಹಣಕ್ಕೆ ಗುಮಾಸ್ತನು ರಸೀದಿ ಬರೆಯಲು ಕುಳಿತನೆನ್ನೋಣ. ಏನೆಂದು ಬರೆಯುವನು? ‘ಮೂರನೆಯ ವಾರ್ಡಿನ ಸದಸ್ಯ ಸ್ಥಾನದ ಮಾರಾಟದ ಬಾಬತ್ತು’ ಎಂದು ಬರೆಯಲು ಯಾವ ಕಾರ್ಯದರ್ಶಿಗೂ ಧೈರ್ಯವಾಗದು. ‘ಜೀರ್ಣೋದ್ಧಾರ ನಿಧಿಗೆ ಕಾಣಿಕೆ’ ಎಂದು ಬರೆದರೆ ಸತ್ಯಾಣುವ್ರತದ ಅತಿಚಾರವಾದ ‘ಕೂಟಲೇಖಕ್ರಿಯೆ’, ಅಂದರೆ ಸುಳ್ಳು ಬರಹ, ಅಲ್ಲಿಯೇ ಘಟಿಸಿತು. ನಿಜವಾದ ಶೀರ್ಷಿಕೆಯಡಿ ಜಮಾ ಮಾಡಲಾಗದ ಹಣವನ್ನು ಮುಟ್ಟಬಾರದೆಂಬುದು ವ್ಯಾಪಾರದ ಮೊದಲ ಪಾಠ. ಅದು ಧರ್ಮದ ಪಾಠವೂ ಹೌದು. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರ ಧರ್ಮಾಮೃತದಲ್ಲಿ ಗೃಹಸ್ಥನ ಲಕ್ಷಣಗಳನ್ನು ಎಣಿಸುವಾಗ ನ್ಯಾಯದಿಂದ ಗಳಿಸಿದ ಧನಕ್ಕೆ ಮೊದಲ ಸ್ಥಾನ ಕೊಟ್ಟರು. ದಾನ, ಪೂಜೆಗಳೆಲ್ಲ ನಿಲ್ಲುವುದು ಅದರ ಅಡಿಪಾಯದ ಮೇಲೆ.

ನಾಲ್ಕನೆಯ ವಾದವನ್ನು ಬಹಿರಂಗವಾಗಿ ಯಾರೂ ಆಡುವುದಿಲ್ಲ, ಮನೆಯೊಳಗೆ ಪಿಸುಗುಟ್ಟುತ್ತಾರೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಜೈನರ ಸಂಖ್ಯೆ ಸುಮಾರು 4.4 ಲಕ್ಷ, ರಾಜ್ಯದ ಜನಸಂಖ್ಯೆಯಲ್ಲಿ ಶೇಕಡಾ ಒಂದಕ್ಕಿಂತಲೂ ಕಡಿಮೆ. ಒಂದು ಊರಿನಲ್ಲಿ ನಾಲ್ಕು ಮನೆ, ಇನ್ನೊಂದರಲ್ಲಿ ಹತ್ತು ಮನೆ. ಮತಗಳ ಎಣಿಕೆಯಲ್ಲಿ ಗೆಲ್ಲಲಾಗದು. ರೂಪಾಯಿಯ ಎಣಿಕೆಯಲ್ಲಾದರೂ ಒಂದು ಸ್ಥಾನ ದಕ್ಕೀತು, ಸಮಾಜದ ದನಿಯೊಂದು ಪಂಚಾಯಿತಿಯಲ್ಲಿ ಇದ್ದೀತು ಎಂಬ ಲೆಕ್ಕಾಚಾರವದು.

ಈ ಲೆಕ್ಕಾಚಾರದಷ್ಟು ಅಪಾಯಕಾರಿಯಾದುದು ಇನ್ನೊಂದಿಲ್ಲ. ಅಲ್ಪಸಂಖ್ಯಾತನಿಗೆ ರಕ್ಷಣೆ ಕೊಡುವುದು ನಿಯಮ, ಹಣವಲ್ಲ. ಹಣದಿಂದ ನಿಯಮವನ್ನು ಮುರಿಯಲು ಕಲಿತ ಊರು, ನಾಳೆ ಬಾಹುಬಲದಿಂದಲೂ ಮುರಿಯಲು ಕಲಿಯುತ್ತದೆ. ಅಂದು ನಾಲ್ಕು ಮನೆಯವರ ಮೊರೆಯನ್ನು ಕೇಳುವವರು ಯಾರು? ಕೊಂಡ ಸ್ಥಾನದಲ್ಲಿ ಕುಳಿತ ಜೈನನನ್ನು ಊರು ‘ದುಡ್ಡಿನವನು’ ಎಂದೇ ಕಾಣುವುದು. ಹಳ್ಳಿಯ ಶಾಲೆಗೆ ಕೊಠಡಿ ಕಟ್ಟಿಸಿ, ಬರಗಾಲದಲ್ಲಿ ಗಂಜಿ ಕೇಂದ್ರ ನಡೆಸಿ, ತೂಕದಲ್ಲಿ ಮೋಸವಿಲ್ಲದ ಅಂಗಡಿಯಿಂದ ತಲೆಮಾರುಗಳ ಕಾಲ ಗಳಿಸಿದ ವಿಶ್ವಾಸವು ಒಂದು ಸಾಯಂಕಾಲದ ಸವಾಲಿನಲ್ಲಿ ಕರಗಿಹೋಗುವುದು. ಆ ವಿಶ್ವಾಸವಿದ್ದರೆ ನಾಲ್ಕು ಮನೆಯವನೂ ನಾನೂರು ಜನರ ಮತ ಕೇಳಬಲ್ಲ. ಗೆದ್ದರೆ ಅವನು ಊರಿನವನಾದ. ಸೋತರೂ ಊರಿನವನಾಗಿಯೇ ಉಳಿದ.

ಬಸದಿಗೆ ಹಣ ಬೇಕೆಂಬುದು ಸತ್ಯ. ಆ ಅಗತ್ಯವನ್ನು ಹಿಂದಿನವರು ಹೇಗೆ ಪೂರೈಸಿಕೊಂಡರು? ಶ್ರವಣಬೆಳಗೊಳದಲ್ಲಿರುವ ಬುಕ್ಕರಾಯನ ಕಾಲದ, 1368ರ ಶಾಸನವು ಇದಕ್ಕೆ ಉತ್ತರ ಕೊಡುತ್ತದೆ. ಜೈನರಿಗೂ ವೈಷ್ಣವರಿಗೂ ಉಂಟಾದ ವಿವಾದವನ್ನು ಬುಕ್ಕರಾಯನು ಬಗೆಹರಿಸಿದ ಸಂಗತಿ ಎಲ್ಲರಿಗೂ ತಿಳಿದಿದೆ. ಅದೇ ಶಾಸನದ ಇನ್ನೊಂದು ಭಾಗವನ್ನು ನೆನೆಯುವವರು ಕಡಿಮೆ. ಬೆಳಗೊಳದ ದೇವರ ಅಂಗರಕ್ಷಣೆಗಾಗಿ ರಾಜ್ಯದ ಜೈನರು ಮನೆಗೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಅದರಿಂದ ಇಪ್ಪತ್ತು ಮಂದಿ ಕಾವಲಿನವರನ್ನು ಇಡಬೇಕು. ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳನ್ನು ಸರಿಪಡಿಸಬೇಕು ಎಂದು ಅಲ್ಲಿ ಕಟ್ಟಳೆಯಾಗಿದೆ. ಸಿರಿವಂತನ ಮನೆಗೂ ಒಂದು ಹಣ, ಬಡವನ ಮನೆಗೂ ಒಂದು ಹಣ. ಲೆಕ್ಕವನ್ನು ಕಲ್ಲಿನ ಮೇಲೆ ಎಲ್ಲರಿಗೂ ಕಾಣುವಂತೆ ಕೆತ್ತಿದರು. ಸಮಾನವಾದ ವಂತಿಗೆ, ಬಹಿರಂಗವಾದ ಲೆಕ್ಕ: ಸಂಕಟದ ಕಾಲದಲ್ಲಿಯೂ ಬಸದಿಗಳನ್ನು ಉಳಿಸಿದ ಈ ಎರಡು ಸೂತ್ರಗಳು ಶಾಂತಿಯ ಕಾಲದಲ್ಲಿ ಸಾಲವೇ?

ಇಲ್ಲಿ ಸಮಾಜವು ತನ್ನ ಆತ್ಮಾಲೋಚನೆಯನ್ನೂ ಮಾಡಿಕೊಳ್ಳಬೇಕು. ಮೊದಲ ಕಲಶದ ಮಾನವನ್ನು ಹೆಚ್ಚು ಕೂಗಿದವನಿಗೇ ಕೊಡುತ್ತ ಬಂದವರು, ಮಾನಕ್ಕೆಲ್ಲ ಬೆಲೆಯುಂಟೆಂಬ ಭಾವನೆಯನ್ನು ತಾವರಿಯದೆ ಬೆಳೆಸಿಲ್ಲವೇ? ಧಾರ್ಮಿಕ ಸವಾಲಿನಲ್ಲಿ ಕೊಡುವವನು ತನ್ನ ಧನವನ್ನು ಬಿಡುತ್ತಾನೆ, ಮತ್ತೊಬ್ಬನ ಹಕ್ಕನ್ನು ಕಸಿಯುವುದಿಲ್ಲ. ಆದುದರಿಂದ ಅದೂ ಇದೂ ಒಂದೇ ಅಲ್ಲ. ಆದರೂ ಸವಾಲಿನ ಭರದಲ್ಲಿ ಭಕ್ತಿ ಹಿಂದಾಗಿ ಪ್ರತಿಷ್ಠೆ ಮುಂದಾಗುವುದನ್ನು ಕಂಡವರು ಅನೇಕರು. ವರ್ಷಕ್ಕೊಮ್ಮೆಯಾದರೂ ಮೊದಲ ಕಲಶವನ್ನು ಚೀಟಿ ಎತ್ತಿ ನಿಶ್ಚಯಿಸಿದರೆ, ಬಸದಿಯ ಅಂಗಳ ಗುಡಿಸುವ ಬಡ ಶ್ರಾವಿಕೆಯ ಕೈಗೂ ಅದು ಬಂದೀತು. ಹತ್ತನೆಯ ಶತಮಾನದಲ್ಲಿಯೇ ಉತ್ತರಮೇರೂರಿನ ಬ್ರಾಹ್ಮಣ ಸಭೆಯು ತನ್ನ ಸದಸ್ಯರನ್ನು ಕೊಡದಲ್ಲಿ ಹಾಕಿದ ಓಲೆಗಳನ್ನು ಎತ್ತಿಸಿ ಆರಿಸುತ್ತಿತ್ತು. ಲೆಕ್ಕ ಒಪ್ಪಿಸದವರನ್ನು ದೂರವಿಡುತ್ತಿತ್ತು ಎಂದು ಅಲ್ಲಿನ ಚೋಳ ಶಾಸನ ಹೇಳುತ್ತದೆ. ಓಲೆಯ ಮುಂದೆ ಸಿರಿವಂತ-ಬಡವ ಎಂಬ ಭೇದವಿಲ್ಲ.

ಟ್ರಸ್ಟುಗಳು ಮಾಡಬೇಕಾದುದು ಕಷ್ಟವಾದುದೇನಲ್ಲ. ಚುನಾವಣೆಯಲ್ಲಿ ನಿಲ್ಲುವುದಕ್ಕೆ, ನಿಲ್ಲದಿರುವುದಕ್ಕೆ ಸಂಬಂಧಪಟ್ಟ ಯಾವ ಹಣವನ್ನೂ ಯಾವ ಹೆಸರಿನಿಂದಲೂ ಸ್ವೀಕರಿಸುವುದಿಲ್ಲವೆಂಬ ಒಂದು ನಿರ್ಣಯವನ್ನು ಮಹಾಸಭೆಯಲ್ಲಿ ಅಂಗೀಕರಿಸಿ ನಡವಳಿ ಪುಸ್ತಕದಲ್ಲಿ ಬರೆದಿಡಬೇಕು. ಬಸದಿಯ ಅಂಗಳವನ್ನೂ ಸಭಾಭವನವನ್ನೂ ಇಂತಹ ಹರಾಜಿಗೆ ಕೊಡಬಾರದು. ಊರಿನ ಇತರ ದೇವಸ್ಥಾನಗಳ ಸಮಿತಿಯಲ್ಲಿ ಜೈನರಿದ್ದರೆ ಅಲ್ಲಿಯೂ ವಿನಯದಿಂದ, ಆದರೆ ಸ್ಪಷ್ಟವಾಗಿ, ಅಸಮ್ಮತಿ ದಾಖಲಿಸಬೇಕು. ನಾಮಪತ್ರದ ದಿನಗಳಲ್ಲಿ ಬಂದ ದೊಡ್ಡ ಕಾಣಿಕೆಗಳ ಮೂಲವನ್ನು ವಿಚಾರಿಸಬೇಕು; ಉತ್ತರ ತೃಪ್ತಿಕರವಾಗಿರದಿದ್ದರೆ ಹಿಂದಿರುಗಿಸಬೇಕು. ಶಿಖರ ಒಂದು ವರ್ಷ ತಡವಾಗಿ ಏರಲಿ, ತೀರ್ಥಂಕರರಿಗೆ ಅವಸರವಿಲ್ಲ.

ಕುಟುಂಬಗಳಿಗೂ ಒಂದು ಕರ್ತವ್ಯವಿದೆ. ರಾಜಕೀಯ ಹೊಲಸೆಂದು ದೂರ ನಿಲ್ಲುವುದೂ ಹರಾಜಿಗೆ ದಾರಿ ಮಾಡಿಕೊಡುತ್ತದೆ. ವಾರ್ಡು ಸಭೆಗೂ ಗ್ರಾಮ ಸಭೆಗೂ ಎಷ್ಟು ಜೈನ ಮನೆಗಳಿಂದ ಜನ ಹೋಗುತ್ತಾರೆ? ಅಲ್ಲಿ ಲೆಕ್ಕ ಕೇಳಲು, ಫಲಾನುಭವಿಗಳ ಪಟ್ಟಿ ಓದಿಸಲು ಯಾವ ಸವಾಲನ್ನೂ ಕೂಗಬೇಕಾಗಿಲ್ಲ. ಎದ್ದು ನಿಂತರೆ ಸಾಕು. ಲೆಕ್ಕ ಬಲ್ಲ ಸಮಾಜವು ಊರಿಗೆ ಕೊಡಬಹುದಾದ ದೊಡ್ಡ ಕಾಣಿಕೆ ಇದೇ. ಮನೆಯ ಹೆಣ್ಣುಮಕ್ಕಳನ್ನೂ ಕರೆದೊಯ್ದರೆ ಮೀಸಲಾತಿಯ ಉದ್ದೇಶವೂ ಸಾರ್ಥಕವಾದೀತು.

ಗ್ರಾಮ ಪಂಚಾಯಿತಿಯ ಚುನಾವಣೆ ಐದು ವರ್ಷಕ್ಕೊಮ್ಮೆ ಬಾಗಿಲು ತಟ್ಟುತ್ತದೆ. ಅಂದು ಯಾರಾದರೂ ಹಣದ ಕಟ್ಟು ಹಿಡಿದು ಬಸದಿಯ ಮೆಟ್ಟಿಲೇರಿದರೆ ಟ್ರಸ್ಟಿನ ಹಿರಿಯರು ಒಂದೇ ಪ್ರಶ್ನೆ ಕೇಳಲಿ: ‘ಸ್ಥಾನ ಸಿಗದಿದ್ದರೂ ಇದನ್ನು ಕೊಡುತ್ತೀರಾ?’ ಹೌದೆಂದರೆ ಮತ ಎಣಿಕೆ ಮುಗಿದ ಮರುದಿನ ಬರಹೇಳಲಿ, ಅಂದು ಸಂತೋಷದಿಂದ ರಸೀದಿ ಬರೆಯಲಿ. ಅಲ್ಲವೆಂದರೆ ಆ ಹಣ ಬಂದ ದಾರಿಯಲ್ಲಿಯೇ ಹಿಂದಿರುಗಲಿ. ಅಪರಿಗ್ರಹವನ್ನು ಬೋಧಿಸಿದ ಭಗವಂತನ ಭಂಡಾರಕ್ಕೆ ಊರಿನ ಹಕ್ಕು ಮಾರಿದ ಒಂದು ರೂಪಾಯಿಯೂ ಬೀಳಬಾರದು.